ಆರು ಪುಸ್ತಕಗಳ ಒಂದು ಡಬ್ಬಿ

ಹಾರ್ಡಿ ಬಾಯ್ಸ್, ನ್ಯಾನ್ಸಿ ಡ್ರೂ ಓದಿಕೊಂಡು ಬೆಳೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಒಂದು ಮುಗಿದ ತಕ್ಷಣ ಮುಂದಿನದು ಎಲ್ಲಿ ಅಂತ ಬಾಡಿಗೆ ಲೈಬ್ರರಿಯ ಕಪಾಟೆಲ್ಲ ತಡಕಾಡಿಸುವ ಚಟ ಅದು. ಈ ಚಟವನ್ನೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಬಾಸ್ಟನ್ ನಗರದ ಇಬ್ಬರು, ವಿಲಿಯಂ ಲೀ ಮತ್ತು ಚಾರ್ಲ್ಸ್ ಶೆಪರ್ಡ್. ಅವರ ಲೇಖಕರನ್ನು ಬಲ್ಲವರು ಇದ್ದಾರೆ, ಬೈದವರಂತೂ ತುಂಬಾ ಜನ. ಪ್ರಕಾಶಕರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಲೀ ಮೊದಲು ಫಿಲಿಪ್ಸ್, ಸ್ಯಾಂಪ್ಸನ್ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ. ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯನ್ನು 1857ರಲ್ಲಿ ಶುರು ಮಾಡಿದವರು ಇವರೇ. 1859ರಲ್ಲಿ ಫಿಲಿಪ್ಸ್, ಸ್ಯಾಂಪ್ಸನ್ ಇಬ್ಬರೂ ತೀರಿಕೊಂಡು ಸಂಸ್ಥೆ ಮುಚ್ಚಿಹೋಯಿತು. 1862ರಲ್ಲಿ, ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಲೀ ಮತ್ತು ಶೆಪರ್ಡ್ ಸೇರಿ ಹೊಸ ಅಂಗಡಿ ತೆರೆದರು. ಹಳೆಯ ಸಂಸ್ಥೆಯ ಆಸ್ತಿಯಲ್ಲಿ ಇವರ ಕೈಗೆ ಬಂದದ್ದು 'ಬೋಟ್ ಕ್ಲಬ್' ಎಂಬ ಹುಡುಗರ ಕಥಾಮಾಲೆಯ ಅಚ್ಚಿನ ಪ್ಲೇಟುಗಳು.

ಈ ಪ್ಲೇಟುಗಳ ವಿಷಯ ಸ್ವಲ್ಪ ಹೇಳಲೇಬೇಕು. ಆಗ ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಲ್ಲೇ ಜೋಡಿಸಬೇಕಿತ್ತು. ಪುಟ ಅಚ್ಚಾದ ಮೇಲೆ ಆ ಮೊಳೆಗಳನ್ನು ಬಿಚ್ಚಿ ಬೇರೆ ಪುಟಕ್ಕೆ ಬಳಸಬೇಕು. ಆದರೆ ಜೋಡಿಸಿದ ಪುಟದ ಪಡಿಯಚ್ಚು ತೆಗೆದು, ಅದಕ್ಕೆ ಕರಗಿದ ಲೋಹ ಎರೆದು ಇಡೀ ಪುಟವನ್ನೇ ಒಂದು ಪ್ಲೇಟು ಮಾಡಿಟ್ಟುಕೊಂಡರೆ? ಹತ್ತು ವರ್ಷದ ನಂತರವೂ ಮತ್ತೆ ಮೊಳೆ ಜೋಡಿಸದೆ ಅಚ್ಚು ಹಾಕಬಹುದು. ಖರ್ಚೆಲ್ಲ ಮೊದಲನೇ ಸಲಕ್ಕೆ, ಲಾಭವೆಲ್ಲ ಆಮೇಲೆ! ಹಾಗಾಗಿ ಹಳೆಯ ಪುಸ್ತಕವನ್ನು ಮತ್ತೆ ಮತ್ತೆ ಕೊಳ್ಳುವಂತೆ ಮಾಡುವುದೇ ಜಾಣತನ. ಆರು ಪುಸ್ತಕಕ್ಕೆ ಒಂದೇ ಹೆಸರು, ಒಂದೇ ಬಗೆಯ ಬಟ್ಟೆ ರಟ್ಟು, ಎಲ್ಲಾ ಸೇರಿ ಒಂದು ಡಬ್ಬಿ. ಕ್ರಿಸ್‌ಮಸ್ಸಿಗೆ ಮಾವನೋ ಅಜ್ಜಿಯೋ ಒಂದು ಪುಸ್ತಕ ಕೊಟ್ಟರೆ ಸಾಕು, ಮಿಕ್ಕ ಐದನ್ನು ಹುಡುಗನೇ ಹಟ ಮಾಡಿ ತರಿಸಿಕೊಳ್ಳುತ್ತಾನೆ. ಆರನೆಯದು ಈ ವರ್ಷ ಬಂದರೂ ಮೊದಲನೆಯದಕ್ಕೆ ಮತ್ತೆ ಗಿರಾಕಿ.

'ಬೋಟ್ ಕ್ಲಬ್' ಬರೆದವನು ಆಲಿವರ್ ಆಪ್ಟಿಕ್. ನಿಜ ಹೆಸರು ವಿಲಿಯಂ ಟೇಲರ್ ಆಡಮ್ಸ್ (1822-1897), ಬಾಸ್ಟನ್ ಕಡೆಯ ಶಾಲಾ ಮೇಷ್ಟ್ರು. 1865ರಲ್ಲಿ ಮೇಷ್ಟ್ರಗಿರಿ ಬಿಟ್ಟು ಬರೆಯಲು ಕೂತ ಮನುಷ್ಯ ಒಟ್ಟು ನೂರಕ್ಕೂ ಹೆಚ್ಚು ಪುಸ್ತಕ ಬರೆದ. ಯುದ್ಧದ ಕಾಲಕ್ಕೆ 'ಆರ್ಮಿ ಅಂಡ್ ನೇವಿ' ಮಾಲೆ, ಆಮೇಲೆ 'ಯಂಗ್ ಅಮೆರಿಕ ಅಬ್ರಾಡ್' ಮಾಲೆ. ಎರಡನೆಯದರ ಕಲ್ಪನೆ ನನಗೆ ಬಹಳ ಇಷ್ಟ. ಒಂದು ಹಡಗೇ ಶಾಲೆ. ಹುಡುಗರೇ ನಾವಿಕರು, ಹುಡುಗರೇ ಅಧಿಕಾರಿಗಳು. ಪಾಠದಲ್ಲಿ, ನಡತೆಯಲ್ಲಿ ಬಂದ ಅಂಕಗಳ ಮೇಲೆ ಯಾರು ಕ್ಯಾಪ್ಟನ್ ಅಂತ ತೀರ್ಮಾನ. ಯುರೋಪಿನ ಬಂದರುಗಳನ್ನು ಸುತ್ತುತ್ತಾ ಭೂಗೋಳ, ಇತಿಹಾಸ ಎಲ್ಲಾ ಕಲಿಯುತ್ತಾರೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ!

ಹೆಣ್ಣುಮಕ್ಕಳಿಗೂ ಇವರಲ್ಲಿ ಮಾಲೆಗಳಿದ್ದವು. ಸೋಫಿ ಮೇ ಎಂಬ ಹೆಸರಿನಲ್ಲಿ ರೆಬೆಕಾ ಕ್ಲಾರ್ಕ್ ಬರೆದ 'ಲಿಟಲ್ ಪ್ರೂಡಿ', 'ಡಾಟಿ ಡಿಂಪಲ್' ಎರಡೂ ಆರಾರು ಪುಸ್ತಕದವು.

ಇಲ್ಲಿಂದ ಮುಂದೆ ಜಗಳ. ಆಪ್ಟಿಕ್ಕನ ಪುಸ್ತಕಗಳು ಹುಡುಗರ ನಡುವೆ ಹೀಗೆ ಓಡುತ್ತಿರುವುದನ್ನು ನೋಡಿ ಬಾಸ್ಟನ್ನಿನದೇ ರಾಬರ್ಟ್ಸ್ ಬ್ರದರ್ಸ್ ಸಂಸ್ಥೆಯ ಥಾಮಸ್ ನೈಲ್ಸ್, ಹುಡುಗಿಯರಿಗೆ ಒಂದು ಕಥೆ ಬರೆದುಕೊಡಿ ಅಂತ ಲೂಯಿಸಾ ಮೇ ಆಲ್ಕಾಟ್‌ಳನ್ನು ಕೇಳಿದ. ಹಾಗೆ ಹುಟ್ಟಿದ್ದು 1868ರ 'ಲಿಟಲ್ ವಿಮೆನ್'. ಅದೇ ಆಲ್ಕಾಟ್ 1875ರಲ್ಲಿ 'ಎಯ್ಟ್ ಕಸಿನ್ಸ್' ಕಾದಂಬರಿಯಲ್ಲಿ ಒಬ್ಬ ತಾಯಿಯ ಬಾಯಿಂದ ಇಂಥ ಹುಡುಗರ ಪುಸ್ತಕಗಳಿಗೆ ಚೆನ್ನಾಗಿ ಮಂಗಳಾರತಿ ಎತ್ತಿಸಿದಳು. ಆಪ್ಟಿಕ್ ಎಂಬ ಹೆಸರಿನ ಮೇಲೇ ಒಂದು ಶ್ಲೇಷೆ ಕೂಡ! ಹುಡುಗರು ಲೀಲಾಜಾಲವಾಗಿ ಗೆದ್ದುಬಿಡುತ್ತಾರೆ, ಭಾಷೆ ಒರಟು, ಜೀವನ ಹೀಗಿರುವುದಿಲ್ಲ ಎಂಬುದು ಅವಳ ತಕರಾರು. ಆಪ್ಟಿಕ್ ಕೂಡ ಸುಮ್ಮನಿರಲಿಲ್ಲ. ತಾನು ಸಂಪಾದಕನಾಗಿದ್ದ, ಲೀ ಅಂಡ್ ಶೆಪರ್ಡ್ ಹೊರಡಿಸುತ್ತಿದ್ದ 'ಅವರ್ ಬಾಯ್ಸ್ ಅಂಡ್ ಗರ್ಲ್ಸ್' ಪತ್ರಿಕೆಯಲ್ಲೇ ಉತ್ತರ ಕೊಟ್ಟ. ಕೆಲವು ಗ್ರಂಥಾಲಯಗಳು ಅವನ ಪುಸ್ತಕಗಳನ್ನು ಕಪಾಟಿನಿಂದ ತೆಗೆದೂ ಹಾಕಿದವು. ಆಲ್ಕಾಟ್ ಎಷ್ಟೋ ಒಳ್ಳೆಯ ಬರಹಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ಸೆಂಟಿನ ರಕ್ತಸಿಕ್ತ ಕಥೆಗಳನ್ನು ಓದುತ್ತಿದ್ದ ಹುಡುಗನ ಕೈಗೆ ರಟ್ಟು ಹಾಕಿದ ಒಂದು ಪುಸ್ತಕ ಕೊಟ್ಟವನನ್ನು ಅಷ್ಟು ಬೈಯಬೇಕಿತ್ತಾ?

ಅಂಗಡಿಗೂ ಆ ವರ್ಷ ಗ್ರಹಚಾರ ಕೆಟ್ಟಿತ್ತು. 1872ರ ನವೆಂಬರ್ 9ರ ರಾತ್ರಿ ಹೊತ್ತಿದ ಬಾಸ್ಟನ್ ಬೆಂಕಿ ಸುಮಾರು 65 ಎಕರೆಯಲ್ಲಿದ್ದ 776 ಕಟ್ಟಡಗಳನ್ನು ನುಂಗಿತ್ತು, ಲೀ ಅಂಡ್ ಶೆಪರ್ಡ್‌ಗೂ ನಷ್ಟವಾಗಿತ್ತು. 1873ರಲ್ಲಿ ಬ್ಯಾಂಕುಗಳು ಮುಳುಗಿ ಹಣದ ಮುಗ್ಗಟ್ಟು. ಕೊನೆಗೆ 1875ರಲ್ಲಿ ದಿವಾಳಿ. ಪತ್ರಿಕೆಯೂ ಆ ವರ್ಷವೇ ನಿಂತಿತು. ಆದರೂ ಇಬ್ಬರೂ ಮತ್ತೆ ಎದ್ದು ನಿಂತರು. 1888ರಿಂದ ಆಪ್ಟಿಕ್ಕನ 'ಬ್ಲೂ ಅಂಡ್ ಗ್ರೇ' ಮಾಲೆ ಬರತೊಡಗಿತು. ಉತ್ತರದ ಸೈನಿಕರ ನೀಲಿ, ದಕ್ಷಿಣದವರ ಬೂದು, ಎರಡು ಬಣ್ಣವೂ ಈಗ ಒಂದೇ ಹೆಸರಿನಲ್ಲಿ. ಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ ದಕ್ಷಿಣದಲ್ಲೂ ಪುಸ್ತಕ ಮಾರಬೇಕಲ್ಲ!

ಶೆಪರ್ಡ್ 1889ರಲ್ಲಿ ತೀರಿಕೊಂಡ. 1897ರಲ್ಲಿ ಆಪ್ಟಿಕ್ ಹೋದಾಗ ಈ ಮಾಲೆಯ ಕೊನೆಯ ಪುಸ್ತಕ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಕೊಟ್ಟವನು ಎಡ್ವರ್ಡ್ ಸ್ಟ್ರಾಟೆಮೇಯರ್ ಎಂಬ ಯುವಕ. 1898ರಲ್ಲಿ ಅವನು ಯುದ್ಧನೌಕೆಯ ಹುಡುಗರ ಕಥೆಯೊಂದನ್ನು ಇವರಿಗೆ ಕಳಿಸಿದ್ದ. ಅಷ್ಟರಲ್ಲಿ ಮನಿಲಾ ಕೊಲ್ಲಿಯಲ್ಲಿ ಅಮೆರಿಕದ ಡ್ಯೂಯಿ ಸ್ಪೇನಿನ ನೌಕಾಪಡೆಯನ್ನು ಸೋಲಿಸಿದ ಸುದ್ದಿ ಬಂತು. ಕಥೆಯಲ್ಲಿ ಡ್ಯೂಯಿಯನ್ನು ಸೇರಿಸಲಾಗುತ್ತಾ ಅಂತ ಪ್ರಕಾಶಕರು ಕೇಳಿದರು. ಸೇರಿಸಿದ, ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಮುಂದೆ ಬೇರೆಬೇರೆಯವರಿಂದ ಕಥೆ ಬರೆಸುವ ಸಂಸ್ಥೆಯನ್ನೇ ಕಟ್ಟಿ ಹಾರ್ಡಿ ಬಾಯ್ಸ್ (1927), ನ್ಯಾನ್ಸಿ ಡ್ರೂ (1930) ಮಾಲೆಗಳನ್ನು ಹೊರತಂದವನು ಇವನೇ.

1904ರಲ್ಲಿ ಲೀ ಅಂಡ್ ಶೆಪರ್ಡ್ ಬಾಸ್ಟನ್ನಿನ ಲೋಥ್ರಾಪ್ ಸಂಸ್ಥೆಯ ಜೊತೆ ಸೇರಿಹೋಯಿತು. ಆಪ್ಟಿಕ್ಕನ ಪುಸ್ತಕಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಹಲವು ಪುಕ್ಕಟೆಯಾಗಿ ಸಿಗುತ್ತವೆ. ಓದುವ ಮನಸ್ಸಿದ್ದರೆ ಹಡಗಿನ ಶಾಲೆಯ ಮೊದಲನೇ ಪುಸ್ತಕ 'ಔಟ್‌ವರ್ಡ್ ಬೌಂಡ್' ತೆಗೆದುಕೊಳ್ಳಿ. ಉಪದೇಶದ ಪುಟಗಳನ್ನು ಹಾರಿಸಿದರೂ ನಡೆಯುತ್ತದೆ, ಹುಡುಗರು ಹಡಗಿನಲ್ಲಿ ಗುಟ್ಟಾಗಿ ಗುಂಪು ಕಟ್ಟುವ ಭಾಗ ಮಾತ್ರ ಬಿಡಬೇಡಿ.