ಜೈನ ವಾಙ್ಮಯದಲ್ಲಿ ಗರ್ಭಿಣಿಯ ದೇಹಲಕ್ಷಣ ಮತ್ತು ಆರೈಕೆ

ಪ್ರಾಚೀನ ಭಾರತೀಯ ಕಾವ್ಯಗಳಲ್ಲಿ ಗರ್ಭಿಣೀವರ್ಣನೆಗೆ ನಿಯತವಾದ ಸ್ಥಾನವಿದೆ. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಮುಖ ಬಿಳಿಚುತ್ತದೆ, ಮೈ ಸೊರಗುತ್ತದೆ, ತೊಡುವ ಆಭರಣಗಳು ಕಡಿಮೆಯಾಗುತ್ತವೆ. ಬಾಯಲ್ಲಿ ಮಣ್ಣಿನ ವಾಸನೆ ಸುಳಿಯುತ್ತದೆ; ಮೊಲೆತೊಟ್ಟು ಕಪ್ಪಾಗುತ್ತದೆ. ಕುಮಾರಭೃತ್ಯದಲ್ಲಿ ನುರಿತ ಆಪ್ತವೈದ್ಯರು ಗರ್ಭಪೋಷಣೆಯ ಹೊಣೆಯನ್ನು ಹೊರುತ್ತಾರೆ. ಇವನ್ನು ಅಲಂಕಾರಕ್ಕಾಗಿ ಬಂದ ಕವಿಸಮಯಗಳೆಂದು ಬದಿಗಿರಿಸುವುದು ಸುಲಭ. ಆದರೆ ಜೈನ ಆಗಮಗಳನ್ನೂ ಪುರಾಣಗಳನ್ನೂ ಒಟ್ಟಿಗೆ ಓದಿದರೆ ಈ ವರ್ಣನೆಗಳ ಹಿಂದೆ ಗರ್ಭಿಣಿಯ ಸ್ಥಿತಿಯನ್ನು ಪರೀಕ್ಷಿಸುತ್ತಿದ್ದ ಒಂದು ಪದ್ಧತಿಯೇ ಕಾಣುತ್ತದೆ. ಒಳಗಿನ ಶಿಶುವನ್ನು ನೋಡುವ ಸಾಧನವಿಲ್ಲದ ಕಾಲದಲ್ಲಿ ತಾಯಿಯ ದೇಹವೂ ಅವಳ ಮಾತೂ ಮಾತ್ರ ಆಧಾರಗಳಾಗಿದ್ದವು.

ರಾಷ್ಟ್ರಕೂಟ ಅಮೋಘವರ್ಷನ (814–878) ಗುರುವಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣವು ಈ ದೃಷ್ಟಿಯಿಂದ ಗಮನಾರ್ಹ. ವೃಷಭನಾಥನನ್ನು ಹೊತ್ತ ಮರುದೇವಿಯ ಉದರದಲ್ಲಿ ಯಾವ ವಿಕಾರವೂ ತೋರಲಿಲ್ಲ, ಸ್ತನಾಗ್ರ ಕಪ್ಪಾಗಲಿಲ್ಲ, ಮುಖ ಬಿಳಿಚಲಿಲ್ಲ. ಆದರೂ ಗರ್ಭ ಬೆಳೆಯಿತು ಎಂದು ಅಲ್ಲಿ ಹೇಳಿದೆ. ತೀರ್ಥಂಕರನ ಮಹಿಮೆಯನ್ನು ಸಾರಲು ಬಂದ ಈ ನಿಷೇಧಗಳ ಸಾಲು, ತಿರುಗಿಸಿ ಓದಿದರೆ, ಸಾಮಾನ್ಯ ಗರ್ಭಿಣಿಯ ಲಕ್ಷಣಗಳ ಪಟ್ಟಿಯೇ ಆಗಿದೆ. ಹೊಟ್ಟೆಯ ಉಬ್ಬು, ಮೊಲೆತೊಟ್ಟಿನ ಬಣ್ಣ, ಮುಖದ ಕಾಂತಿ, ಈ ಮೂರನ್ನು ನೋಡಿ ಜನರು ಬಸಿರನ್ನು ಗುರುತಿಸುತ್ತಿದ್ದುದರಿಂದಲೇ ಅವುಗಳ ಅಭಾವವು ಅತಿಶಯವೆನಿಸಿತು. ಓದುಗರಿಗೆ ಲಕ್ಷಣಗಳು ತಿಳಿದಿರದಿದ್ದರೆ ಕವಿಯ ನಿಷೇಧಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಆಗಮಗಳಲ್ಲಿ ದೊರೆಯುವ ವಿವರಗಳು ಇನ್ನೂ ಸೂಕ್ಷ್ಮವಾಗಿವೆ. ಶ್ವೇತಾಂಬರ ಪರಂಪರೆಯ ಪ್ರಕೀರ್ಣಕಗಳಲ್ಲಿ ಒಂದಾದ ತಂದುಲವೇಯಾಲಿಯವು ನೂರು ವರ್ಷ ಬದುಕುವ ಮನುಷ್ಯ ಉಣ್ಣುವ ಅಕ್ಕಿಯ ಲೆಕ್ಕದಿಂದ ಹೆಸರು ಪಡೆದ ಪ್ರಾಕೃತ ಗ್ರಂಥ. ಅದರ ಆರಂಭದ ಭಾಗ ಗರ್ಭದ ಬೆಳವಣಿಗೆಗೆ ಮೀಸಲಾಗಿದೆ. ಮೂರನೆಯ ತಿಂಗಳಲ್ಲಿ ಗರ್ಭವು ತಾಯಿಗೆ ದೋಹದವನ್ನು ಹುಟ್ಟಿಸುತ್ತದೆ. ನಾಲ್ಕನೆಯದರಲ್ಲಿ ಅವಳ ಅಂಗಗಳನ್ನು ತುಂಬಿಸುತ್ತದೆ. ಐದನೆಯದರಲ್ಲಿ ಕೈ, ಕಾಲು, ತಲೆಗಳೆಂಬ ಐದು ಪಿಂಡಗಳು ಮೂಡುತ್ತವೆ. ಆರನೆಯದರಲ್ಲಿ ಪಿತ್ತ ಮತ್ತು ರಕ್ತ, ಏಳನೆಯದರಲ್ಲಿ ಸಿರೆ ಮತ್ತು ಪೇಶಿಗಳು. ಶಿಶುವಿನ ಬೆಳವಣಿಗೆ ಮತ್ತು ತಾಯಿಯ ದೇಹದ ಬದಲಾವಣೆಗಳನ್ನು ಒಂದೇ ಸರಣಿಯಲ್ಲಿ ಹೇಳಿರುವುದು ಇಲ್ಲಿನ ವಿಶೇಷ. ಜೀವವು ಗರ್ಭದಲ್ಲಿರುವ ಅವಧಿ 277½ ಅಹೋರಾತ್ರಗಳೆಂದು ಈ ಗ್ರಂಥ ಎಣಿಸುತ್ತದೆ. ಮಹಾವೀರನ ಜನನವನ್ನು ಹೇಳುವಲ್ಲಿ ಕಲ್ಪಸೂತ್ರವು ಒಂಬತ್ತು ತಿಂಗಳು ಏಳೂವರೆ ದಿನ ಎನ್ನುತ್ತದೆ. ತಿಂಗಳಿಗೆ 30 ದಿನದಂತೆ ಎಣಿಸಿದರೆ ಅದೂ 277½. ಎರಡು ಗ್ರಂಥಗಳ ಹಿಂದೆ ಒಂದೇ ಗಣನೆಯಿದೆ. ಕೊನೆಯ ಮುಟ್ಟಿನಿಂದ 280 ದಿನಗಳೆಂಬ ಇಂದಿನ ಲೆಕ್ಕಕ್ಕೆ ಇದು ಸಮೀಪವಾಗಿದೆ. ಆದರೆ ಏಳನೆಯ ತಿಂಗಳಲ್ಲಿ ಮೂಡುವ 99 ಲಕ್ಷ ರೋಮಕೂಪಗಳನ್ನೂ ಇದೇ ಗ್ರಂಥ ಲೆಕ್ಕ ಹಾಕುತ್ತದೆ. ಅನುಭವದಿಂದ ಬಂದ ಸಂಖ್ಯೆ ಯಾವುದು, ಶಾಸ್ತ್ರದ ಗಣಿತಪ್ರೀತಿಯಿಂದ ಬಂದದ್ದು ಯಾವುದು ಎಂಬುದನ್ನು ಸಂಶೋಧಕರು ಬೇರ್ಪಡಿಸಿಕೊಳ್ಳಬೇಕು.

ದೋಹದದ ಕಾಲದ ಬಗ್ಗೆ ವೈದ್ಯಗ್ರಂಥಗಳಲ್ಲಿಯೂ ವಿಚಾರವಿದೆ. ಸುಶ್ರುತಸಂಹಿತೆಯ ಪ್ರಕಾರ ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುತ್ತದೆ. ಆಗ ಎರಡು ಹೃದಯಗಳುಳ್ಳ ಸ್ತ್ರೀ ‘ದೌಹೃದಿನಿ’ ಎನಿಸುತ್ತಾಳೆ. ಅವಳ ಬಯಕೆ ಶಿಶುವಿನ ಬಯಕೆಯೂ ಹೌದು. ಅದನ್ನು ತಡೆದರೆ ಶಿಶುವಿಗೆ ಕೇಡು. ಜೈನ ಕಥೆಗಳು ಈ ತತ್ತ್ವವನ್ನು ಅರಮನೆಯ ನಿತ್ಯಜೀವನದೊಳಗೆ ಇರಿಸಿ ತೋರಿಸುತ್ತವೆ.

ಜ್ಞಾತಾಧರ್ಮಕಥೆಯ ಮೊದಲ ಅಧ್ಯಯನದಲ್ಲಿ ರಾಜಗೃಹದ ಶ್ರೇಣಿಕರಾಜನ ರಾಣಿ ಧಾರಿಣಿಗೆ ಮೂರನೆಯ ತಿಂಗಳಲ್ಲಿ ಅಕಾಲದ ಮಳೆಯಲ್ಲಿ ವಿಹರಿಸುವ ಬಯಕೆ ಉಂಟಾಗುತ್ತದೆ. ಅದು ಈಡೇರುವಂಥದಲ್ಲವೆಂದು ಅವಳು ಯಾರಿಗೂ ಹೇಳದೆ ಕೊರಗುತ್ತಾಳೆ. ಮೈ ಒಣಗುತ್ತದೆ, ಮುಖ ಬಾಡುತ್ತದೆ, ಊಟ ಅಲಂಕಾರಗಳು ಬೇಡವಾಗುತ್ತವೆ. ಇದನ್ನು ಮೊದಲು ಗಮನಿಸುವವರು ವೈದ್ಯರಲ್ಲ, ಮೈಗಾವಲಿನ ಪರಿಚಾರಿಕೆಯರು. ಅವರು ಕೇಳುತ್ತಾರೆ, ರಾಣಿ ಸುಮ್ಮನಿರುತ್ತಾಳೆ. ಮತ್ತೆ ಮತ್ತೆ ಕೇಳಿದರೂ ಉತ್ತರವಿಲ್ಲ. ಆಗ ಅವರು ರಾಜನಿಗೆ ಅರಿಕೆ ಮಾಡುತ್ತಾರೆ. ರಾಜನು ಬಂದು ಆಣೆಯಿಟ್ಟು ಕೇಳಿದ ಮೇಲೆಯೇ ಅವಳು ಬಾಯಿಬಿಡುತ್ತಾಳೆ. ಅಭಯಕುಮಾರನ ಪ್ರಯತ್ನದಿಂದ ಬಯಕೆ ತೀರಿ ಮುಂದೆ ಮೇಘಕುಮಾರನ ಜನನವಾಗುತ್ತದೆ.

ನಿರಯಾವಲಿಯಾದಲ್ಲಿ ಇದೇ ಕ್ರಮ ಘೋರವಾದ ರೂಪ ತಾಳುತ್ತದೆ. ಶ್ರೇಣಿಕನ ಇನ್ನೊಬ್ಬ ರಾಣಿ ಚೆಲ್ಲಣೆಗೆ ಗಂಡನ ಮಾಂಸವನ್ನೇ ತಿನ್ನುವ ಬಯಕೆಯಾಗುತ್ತದೆ. ನಾಚಿಕೆ ಮತ್ತು ಭಯಗಳಿಂದ ಅವಳೂ ಬಚ್ಚಿಡುತ್ತಾಳೆ. ಅವಳ ದೇಹವೂ ಸೊರಗುತ್ತದೆ. ಅಭಯಕುಮಾರನ ಉಪಾಯದಿಂದ ಬಯಕೆ ತೀರಿದ ಮೇಲೂ ಅವಳಿಗೆ ನೆಮ್ಮದಿಯಿಲ್ಲ. ತಂದೆಯ ಮಾಂಸವನ್ನು ಬಯಸಿದ ಗರ್ಭವನ್ನು ಇಳಿಸಿಕೊಳ್ಳಲು ಔಷಧಿಗಳನ್ನು ಬಳಸಿ ವಿಫಲಳಾಗುತ್ತಾಳೆ. ಹುಟ್ಟಿದ ಮಗು ಕೂಣಿಕ, ಮುಂದೆ ತಂದೆಯನ್ನೇ ಸೆರೆಯಲ್ಲಿಟ್ಟವನು. ಕರ್ಮಸಿದ್ಧಾಂತವನ್ನು ಬೋಧಿಸುವ ಕಥೆಯಿದು. ಆದರೂ ಗರ್ಭಿಣಿಯ ಮನಸ್ಸಿನಲ್ಲಿ ತನ್ನ ಬಸಿರಿನ ಬಗೆಗೇ ಹುಟ್ಟಬಹುದಾದ ಭಯ ಮತ್ತು ಜುಗುಪ್ಸೆಗಳನ್ನು ಇಷ್ಟು ಮರೆಮಾಚದೆ ಹೇಳಿದ ಪ್ರಾಚೀನ ಕಥನಗಳು ವಿರಳ.

ಈ ಎರಡು ಕಥೆಗಳಲ್ಲಿ ದೇಹವು ರೋಗವನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ಅವಳೇ ಹೇಳಬೇಕು. ಹಾಗಾಗಿ ಕೇಳುವುದೂ, ಉತ್ತರ ಬಾರದಿದ್ದಾಗ ಮತ್ತೆ ಕೇಳುವುದೂ ಪರೀಕ್ಷೆಯ ಭಾಗವಾಗಿವೆ.

ಕಲ್ಪಸೂತ್ರದಲ್ಲಿ ಇದಕ್ಕೆ ವಿರುದ್ಧವಾದ ಸನ್ನಿವೇಶವಿದೆ. ತಾಯಿಗೆ ನೋವಾಗಬಾರದೆಂಬ ಅನುಕಂಪದಿಂದ ಮಹಾವೀರನು ಗರ್ಭದಲ್ಲಿ ಅಲುಗಾಡದೆ ನಿಶ್ಚಲನಾಗುತ್ತಾನೆ. ತ್ರಿಶಲೆಗೆ ಅದು ಅನುಕಂಪವಾಗಿ ತೋರುವುದಿಲ್ಲ. ಗರ್ಭ ಅಪಹೃತವಾಯಿತೇ, ಸತ್ತಿತೇ, ಜಾರಿತೇ ಎಂದು ಅವಳು ದುಃಖಿಸುತ್ತಾಳೆ. ಅರಮನೆಯಲ್ಲಿ ವಾದ್ಯಘೋಷ ನಿಲ್ಲುತ್ತದೆ. ಅದನ್ನರಿತ ಶಿಶು ಒಂದು ಅಂಗವನ್ನು ಕದಲಿಸಿದಾಗಲೇ ಅವಳಿಗೆ ಜೀವ ಬರುತ್ತದೆ. ತಂದೆತಾಯಿಗಳು ಬದುಕಿರುವವರೆಗೆ ಸಂನ್ಯಾಸ ಸ್ವೀಕರಿಸೆನೆಂಬ ಅವನ ಸಂಕಲ್ಪ ಹುಟ್ಟುವುದು ಇಲ್ಲಿಯೇ. ದಿಗಂಬರ ಪರಂಪರೆಯಲ್ಲಿ ಈ ಪ್ರಸಂಗವಿಲ್ಲ. ಗರ್ಭಚಲನೆಯೇ ಕ್ಷೇಮದ ಪ್ರಮಾಣವೆಂದು ಇಂದಿಗೂ ತಾಯಂದಿರು ನಂಬುತ್ತಾರೆ. ಚಲನೆ ಕಡಿಮೆಯಾದರೆ ಕೂಡಲೇ ಬರುವಂತೆ ವೈದ್ಯರೂ ಹೇಳುತ್ತಾರೆ. ಹೊರಗಿನವರಿಗೆ ಸುಲಭವಾಗಿ ಕಾಣದ ಈ ಲಕ್ಷಣವನ್ನು ಚೆನ್ನಾಗಿ ಬಲ್ಲವಳು ತಾಯಿಯೇ.

ಆರೈಕೆಯ ವಿವರಗಳೂ ಈ ಗ್ರಂಥಗಳಲ್ಲಿವೆ. ಧಾರಿಣಿ ಮತ್ತು ತ್ರಿಶಲೆಯರ ಆಹಾರ ಅತಿ ಖಾರ, ಅತಿ ಕಹಿ, ಅತಿ ಹುಳಿ, ಅತಿ ಸಿಹಿಯಾಗಿರದೆ ದೇಶಕಾಲಗಳಿಗೆ ತಕ್ಕಂತಿರುತ್ತದೆ. ಶೋಕ, ಮೋಹ, ಭಯಗಳನ್ನು ಅವರು ದೂರವಿಡುತ್ತಾರೆ. ತಾಯಿ ಮಲಗಿದರೆ ಗರ್ಭವೂ ಮಲಗುತ್ತದೆ, ಅವಳು ಸುಖಿಯಾದರೆ ಅದೂ ಸುಖಿ ಎಂಬ ಭಗವತೀಸೂತ್ರದ ಮಾತು ಈ ನಿಯಮಗಳಿಗೆ ತಳಹದಿ. ಜಿನಸೇನರ ಆದಿಪುರಾಣದಲ್ಲಿ ಒಂಬತ್ತನೆಯ ತಿಂಗಳು ಸಮೀಪಿಸಿದಾಗ ದಿಕ್ಕುಮಾರಿಯರು ಕಾವ್ಯಗೋಷ್ಠಿ ಮತ್ತು ಒಗಟುಗಳಿಂದ ಮರುದೇವಿಯ ಮನಸ್ಸನ್ನು ರಂಜಿಸುತ್ತಾರೆ. ಅಮೋಘವರ್ಷನ ಕಾಲದವನೇ ಎನ್ನಲಾದ ಉಗ್ರಾದಿತ್ಯನು ಕಲ್ಯಾಣಕಾರಕದಲ್ಲಿ ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದನು. ಚರಕಸಂಹಿತೆಯಲ್ಲಿ ಗರ್ಭಿಣಿಗೆ ಮೂರನೆಯ ತಿಂಗಳಲ್ಲಿ ಜೇನುತುಪ್ಪ ಬೆರೆಸಿದ ಹಾಲನ್ನು ವಿಧಿಸಿರುವುದನ್ನು ನೆನೆದರೆ, ಅಹಿಂಸಾವ್ರತವು ವೈದ್ಯಕ್ಕೆ ಒಡ್ಡಿದ ಪ್ರಶ್ನೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಕನ್ನಡನಾಡಿನಲ್ಲಿ ದೋಹದವು ‘ಬಯಕೆ’ಯಾಗಿ ಮನೆಮಾತಾಗಿದೆ. ಸೀಮಂತದಲ್ಲಿಯೂ ಉತ್ತರ ಕರ್ನಾಟಕದ ಕುಬಸದಲ್ಲಿಯೂ ಬಸುರಿಗೆ ಇಷ್ಟವಾದುದನ್ನು ಕೇಳಿ ಬಡಿಸುವ ರೂಢಿಯಿದೆ. ಸಂಭ್ರಮದ ನಡುವೆ ಈ ‘ಕೇಳುವ’ ಅಂಶವು ಕೇವಲ ಉಪಚಾರವೆನಿಸಬಹುದು. ಧಾರಿಣಿಯ ಪರಿಚಾರಿಕೆಯರಿಗೆ ಅದು ಉಪಚಾರವಾಗಿರಲಿಲ್ಲ. ತಾಯಿ ಮತ್ತು ಶಿಶು ಇಬ್ಬರ ಪ್ರಾಣವೂ ಅವರು ಕೇಳಿದ ಪ್ರಶ್ನೆಗೆ ಬರುವ ಉತ್ತರವನ್ನು ಅವಲಂಬಿಸಿತ್ತು.