ಬಾನಿನ ಬಿತ್ತರದಲ್ಲಿ ಸಾಹಸ

ಕುಂದಾಪುರದ ಪಂಚಗಂಗಾವಳಿಯ ಮೇಲೆ ಗರುಡ ಸುತ್ತು ಹಾಕುವುದನ್ನು ನೀವು ಕಂಡಿದ್ದೀರಷ್ಟೆ. ಹಕ್ಕಿಗೆ ಅದು ಹುಟ್ಟುಗುಣ. ಮನುಷ್ಯನಾದರೋ ಪ್ರಾಣವನ್ನೇ ಪಣವಿಟ್ಟು ಆ ವಿದ್ಯೆಯನ್ನು ಕಲಿಯಬೇಕು.

1964ರ ಸೆಪ್ಟೆಂಬರ್ 4ರಂದು ಬೆಂಗಳೂರಿನಲ್ಲಿ ‘ಕಿರಣ್’ ವಿಮಾನವನ್ನು ಮೊತ್ತಮೊದಲು ಹಾರಿಸಿದವರು ಸುರಂಜನ್ ದಾಸ್. ಹೊಸ ವಿಮಾನದ ಗುಣದೋಷಗಳನ್ನು ತಾವೇ ಹಾರಿ ಅರಿಯುವುದು ಅವರ ಕೆಲಸ. 1970ರ ಜನವರಿ 10ರಂದು ‘ಮಾರುತ್’ ವಿಮಾನದ ಅಪಘಾತದಲ್ಲಿ ಅವರು ಮಡಿದರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಅದೇ ಕಿರಣ್ ವಂಶದ ವಿಮಾನಗಳೊಡನೆ 1996ರಲ್ಲಿ ಬೀದರಿನಲ್ಲಿ ವಾಯುಪಡೆಯ ‘ಸೂರ್ಯಕಿರಣ’ ತಂಡ ಹುಟ್ಟಿತು. ಮುಂದೆ ‘ಹಾಕ್’ ವಿಮಾನಗಳು ಬಂದವು. 2019ರ ಫೆಬ್ರವರಿ 19ರಂದು ಯಲಹಂಕದ ತಾಲೀಮಿನಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ ಸಾಹಿಲ್ ಗಾಂಧಿ ಅಸುನೀಗಿದರು. ತಂಡ ಮತ್ತೆ ಬಾನಿಗೇರಿತು. ಅವರ ಹಾರಾಟಕ್ಕೆ ಚಪ್ಪಾಳೆ ತಟ್ಟುವಾಗ ಈ ಇಬ್ಬರನ್ನೂ ನೆನೆಯೋಣ.