ಬೂಷ್ಟು ಹಿಡಿದ ಹುಲ್ಲು ಮತ್ತು ನನ್ನ ಮಾತ್ರೆ

ಹೋದ ಭಾನುವಾರ ಬೆಳಿಗ್ಗೆ ಊರಿಂದ ತಮ್ಮನ ಫೋನ್. ಅವನ ಮಗಳು ಹೆಬ್ಬಾಳದಲ್ಲಿ ಬಿ.ವಿ.ಎಸ್ಸಿ. ಮುಗಿಸಿದ್ದಾಳೆ. "ಅಣ್ಣ, ಇವಳು ಇನ್ನೂ ಓದ್ತಾಳಂತೆ. ದನದ ಮೇವು, ಅದಕ್ಕೆ ಹಿಡಿಯೋ ಬೂಷ್ಟು, ಅದರ ಮೇಲೆ ರಿಸರ್ಚಂತೆ! ಸುಮ್ಮನೆ ಬ್ಯಾಂಕ್ ಪರೀಕ್ಷೆ ಬರಿ ಅಂತ ನೀನಾದ್ರೂ ಬುದ್ಧಿ ಹೇಳು. ನಿನ್ನ ಮಾತು ಕೇಳ್ತಾಳೆ" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬ್ಯಾಂಕುಗಳ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಹುದ್ದೆಗೆ ಪಶುವೈದ್ಯಕೀಯ ಓದಿದವರೂ ಅರ್ಜಿ ಹಾಕಬಹುದು. ತಿಂಗಳಿಗೆ ಸರಿಯಾಗಿ ಸಂಬಳ, ಪಿ.ಎಫ್., ಎಲ್ಲಾ ಇದೆ. "ಆಯ್ತಪ್ಪಾ, ಹೇಳ್ತೀನಿ" ಅಂದೆ.

ಸಂಜೆ ಆರು ಗಂಟೆಗೆ ಎಂದಿನಂತೆ ಮಾತ್ರೆ ನುಂಗುವಾಗ ನನಗೇ ನಗು ಬಂತು.

ಚಿಕ್ಕವನಿದ್ದಾಗ ಬಂದ ಕೀಲುಜ್ವರ ನನ್ನ ಹೃದಯದ ಒಂದು ಕವಾಟವನ್ನು ಹಾಳು ಮಾಡಿತ್ತು. ಹನ್ನೊಂದು ವರ್ಷದ ಹಿಂದೆ ಇಲ್ಲಿ ಪುಣೆಯಲ್ಲೇ ಕೃತಕ ಕವಾಟ ಹಾಕಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನಾನು ಬದುಕಿರುವವರೆಗೂ ವಾರ್ಫರಿನ್ ಮಾತ್ರೆ ತಗೋಬೇಕು. ಆಗಾಗ ಐ.ಎನ್.ಆರ್. ಪರೀಕ್ಷೆ. ಎರಡೂವರೆಯಿಂದ ಮೂರೂವರೆಯ ಒಳಗೇ ಇರಬೇಕು ಅಂತ ನನ್ನ ಡಾಕ್ಟರ ಅಪ್ಪಣೆ. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಹನ್ನೊಂದು ವರ್ಷದ ಅಂಕಿಗಳನ್ನು ಲೆಡ್ಜರ್ ಬರೆದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ದಂಟಿನ ಸೊಪ್ಪಿನ ಬಸ್ಸಾರು ಮಾಡಿದರೆ ನನ್ನ ತಟ್ಟೆಗೆ ಸೊಪ್ಪಿನ ಪಲ್ಯ ಅಳತೆ ಪ್ರಕಾರವೇ ಬೀಳುತ್ತದೆ.

ಈ ವಾರ್ಫರಿನ್ ಹುಟ್ಟಿದ್ದು ಎಲ್ಲಿಂದ ಗೊತ್ತೇ? ಬೂಷ್ಟು ಹಿಡಿದ ಮೇವಿನಿಂದ! ಆಪರೇಷನ್ ಆಗಿ ರಜೆಯಲ್ಲಿದ್ದಾಗ ನಾನು ಓದಿಕೊಂಡ ಕಥೆ ಇದು. ಬಿ.ಕಾಂ. ಮಾಡಿದವನಿಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

1920ರ ಸುಮಾರಿಗೆ ಅಮೆರಿಕದ ಉತ್ತರ ಡಕೋಟಾ ಮತ್ತು ಕೆನಡಾದ ರೈತರು ಸ್ವೀಟ್ ಕ್ಲೋವರ್ ಎಂಬ ಮೇವನ್ನು ಬೆಳೆಯುತ್ತಿದ್ದರು. ಬಡ ಭೂಮಿಯಲ್ಲೂ ಬರುವ ಬೆಳೆ. ಆದರೆ ಮಳೆಗೆ ಸಿಕ್ಕಿದ ಬಣವೆಯ ಹುಲ್ಲು ತಿಂದ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಬೀಜ ಒಡೆದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಗಾಯವೇ ಆಗದಿದ್ದರೂ ಒಳಗೊಳಗೇ ಸ್ರಾವವಾಗಿ ದನ ಸಾಯುತ್ತಿತ್ತು.

ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಒಂದೇ ಮೆದೆಯಿಂದ ಒಳ್ಳೆಯ ಕಡ್ಡಿ, ಕೆಟ್ಟ ಕಡ್ಡಿ ಬೇರೆ ಮಾಡಿ ಮೊಲಗಳಿಗೆ ತಿನ್ನಿಸಿ ನೋಡಿದ. ಒಳ್ಳೆಯದು ತಿಂದದ್ದು ಬದುಕಿತು, ಕೆಟ್ಟದ್ದು ತಿಂದದ್ದು ರಕ್ತಸ್ರಾವವಾಗಿ ಸತ್ತಿತು. ಇದು ರೋಗಾಣುವಿನ ಕಾಯಿಲೆಯಲ್ಲ, ಮೇವಿನ ದೋಷ ಅಂತ 1922ರಲ್ಲೇ ಸ್ಪಷ್ಟವಾಯಿತು. (ಈ ಸ್ಕೋಫೀಲ್ಡ್ 1919ರಲ್ಲಿ ಕೊರಿಯಾದ ಸ್ವಾತಂತ್ರ್ಯ ಚಳವಳಿಯ ಫೋಟೋ ತೆಗೆದು ಜಗತ್ತಿಗೆ ತೋರಿಸಿದವನು. ಅವನ ಸಮಾಧಿ ಸಿಯೋಲ್‌ನಲ್ಲಿದೆ. ಅದು ಬೇರೆಯೇ ಕಥೆ.) ಮುಂದೆ ಉತ್ತರ ಡಕೋಟಾದ ರೋಡೆರಿಕ್, ಈ ದನಗಳ ರಕ್ತದಲ್ಲಿ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಕುಸಿದಿರುತ್ತದೆ ಅಂತ ತೋರಿಸಿದ. ಆದರೆ ಹುಲ್ಲಿನಲ್ಲಿರುವ ಆ ವಸ್ತು ಯಾವುದು? ಅದು ಯಾರಿಗೂ ಸಿಕ್ಕಲಿಲ್ಲ.

1933ರ ಫೆಬ್ರವರಿ, ಒಂದು ಶನಿವಾರ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮದ ಬಿರುಗಾಳಿ. ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ದೂರದಿಂದ ಮ್ಯಾಡಿಸನ್ ಊರಿಗೆ ಬಂದ. ವಾಹನದಲ್ಲಿ ಒಂದು ಸತ್ತ ಕಡಸು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ಜೊತೆಗೆ ಸುಮಾರು 45 ಕಿಲೋ ಕೆಟ್ಟ ಹುಲ್ಲು. ಸರ್ಕಾರಿ ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ ಕಟ್ಟಡ. ಅಲ್ಲಿ ಪ್ರೊಫೆಸರ್ ಕಾರ್ಲ್ ಪಾಲ್ ಲಿಂಕ್ ಇದ್ದರು.

ಲಿಂಕ್ ಅವತ್ತು ಆ ರೈತನಿಗೆ ಕೊಡಲಾದದ್ದೇನು? ಈ ಹುಲ್ಲು ಹಾಕಬೇಡ, ಸಾಧ್ಯವಾದರೆ ಬೇರೆ ದನದ ರಕ್ತ ಕೊಡಿಸು ಎಂಬ ಸಲಹೆ, ಅಷ್ಟೇ. ಅದು ಅಮೆರಿಕದಲ್ಲಿ ಘೋರ ಆರ್ಥಿಕ ಮುಗ್ಗಟ್ಟಿನ ಕಾಲ. ಬೇರೆ ಮೇವು ಕೊಳ್ಳಲು ಯಾರ ಹತ್ತಿರ ದುಡ್ಡಿತ್ತು? ಕಾರ್ಲ್‌ಸನ್ ಬಂದ ದಾರಿಯಲ್ಲೇ ವಾಪಸ್ ಹೋದ. ಆದರೆ ಲಿಂಕ್ ಮತ್ತು ಅವರ ಹಿರಿಯ ವಿದ್ಯಾರ್ಥಿ ಶೋಫೆಲ್ ಆ ರಕ್ತ, ಆ ಹುಲ್ಲನ್ನು ಬಿಡಲಿಲ್ಲ.

ಮುಂದಿನದೆಲ್ಲಾ ವಿದ್ಯಾರ್ಥಿಗಳ ಬೆವರು. ಹುಲ್ಲಿನ ಸಾರ ತೆಗೆಯುವುದು, ಮೊಲಕ್ಕೆ ತಿನ್ನಿಸುವುದು, ಅದರ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟಿತು ಅಂತ ಅಳೆಯುವುದು, ಮತ್ತೆ ಮೊದಲಿಂದ ಶುರು ಮಾಡುವುದು.. ಒಂದಲ್ಲ ಎರಡಲ್ಲ, ಆರು ವರ್ಷ! 1939ರ ಜೂನ್‌ನಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ರಾತ್ರಿಯಿಡೀ ಕೆಲಸ ಮಾಡಿ ಬೆಳಗಾಗುವ ಹೊತ್ತಿಗೆ ಶುದ್ಧ ಹರಳುಗಳನ್ನು ಕಂಡ. ಅದನ್ನು ಹೆಚ್ಚು ಪ್ರಮಾಣದಲ್ಲಿ ತೆಗೆಯುವ ಭಾರ ಮಾರ್ಕ್ ಸ್ಟಾಮನ್ ಹೊತ್ತುಕೊಂಡ. ಚಾರ್ಲ್ಸ್ ಹ್ಯೂಬ್ನರ್ ಅದರ ರಚನೆ ಬಿಡಿಸಿ 1940ರಲ್ಲಿ ಕೃತಕವಾಗಿಯೂ ತಯಾರಿಸಿದ. ಅದೇ ಡೈಕೌಮರಾಲ್. ಕ್ಲೋವರ್ ಹುಲ್ಲಿಗೆ ಘಮ ಕೊಡುವ ಕೌಮರಿನ್ ದನಕ್ಕೆ ಈ ತೊಂದರೆ ಕೊಡುವುದಿಲ್ಲ. ಬೂಷ್ಟು ಬಂದಾಗ ಅದೇ ಮಾರ್ಪಟ್ಟು ರಕ್ತದ ಶತ್ರುವಾಗುತ್ತದೆ.

ಸಮುದ್ರದಾಚೆ ಡೆನ್ಮಾರ್ಕ್‌ನಲ್ಲಿ ಹೆನ್ರಿಕ್ ಡಾಮ್ ಎಂಬಾತ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದ. ಅವಕ್ಕೂ ರಕ್ತಸ್ರಾವ! ಹೀಗೆ 1935ರಲ್ಲಿ ಹೆಸರು ಪಡೆದದ್ದು ಕೆ ವಿಟಮಿನ್. ಆ ಎರಡು ಕಥೆಗಳೂ ಒಂದೇ ನಾಣ್ಯದ ಮುಖಗಳು ಅಂತ ಆಮೇಲೆ ಗೊತ್ತಾಯಿತು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ತಯಾರಿಸಲು ಯಕೃತ್ತಿಗೆ ಕೆ ವಿಟಮಿನ್ ಬೇಕು. ಒಮ್ಮೆ ಬಳಸಿದ್ದನ್ನು ಅದು ಮತ್ತೆ ಚಲಾವಣೆಗೆ ತರುತ್ತದೆ. ಈ ವಿಷ ಆ ಕೌಂಟರನ್ನೇ ಮುಚ್ಚಿಸುತ್ತದೆ. ಸೊಪ್ಪಿನಲ್ಲಿ ಕೆ ವಿಟಮಿನ್ ಹೇರಳ. ನನ್ನ ತಟ್ಟೆಯ ಪಲ್ಯಕ್ಕೆ ಅಳತೆ ಬಂದದ್ದು ಅದಕ್ಕೇ.

1945ರಲ್ಲಿ ಲಿಂಕ್ ಕಾಯಿಲೆ ಬಿದ್ದು ಆರೋಗ್ಯಧಾಮ ಸೇರಿದ್ದಾಗ ಇಲಿ ನಿಯಂತ್ರಣದ ಇತಿಹಾಸ ಓದುತ್ತಾ, ಇದನ್ನು ಇಲಿ ಪಾಷಾಣ ಮಾಡಿದರೆ ಹೇಗೆ ಅಂತ ಯೋಚಿಸಿದರು. ವಿದ್ಯಾರ್ಥಿಗಳು ತಯಾರಿಸಿಟ್ಟಿದ್ದ ಸಂಯುಕ್ತಗಳ ಪಟ್ಟಿಯಲ್ಲಿ 42ನೇದು ಹೊಂದಿತು. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ವಿಸ್ಕಾನ್ಸಿನ್ ಹಳೆ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು 'ವಾರ್ಫ್'. ವಾರ್ಫರಿನ್ ಹೆಸರು ಬಂದದ್ದು ಅದರಿಂದ. 1947ರ ಪೇಟೆಂಟಿನಲ್ಲಿ ಲಿಂಕ್ ಜೊತೆ ಸ್ಟಾಮನ್ ಮತ್ತು ಮಿಯೋಶಿ ಇಕಾವಾ ಹೆಸರುಗಳೂ ಇವೆ. ವಿದ್ಯಾರ್ಥಿಗಳ ಹೆಸರನ್ನು ಪ್ರೊಫೆಸರ್ ನುಂಗಲಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಒಬ್ಬ ಆತ್ಮಹತ್ಯೆಗೆಂದು ಈ ಪಾಷಾಣವನ್ನು ದಿನಗಟ್ಟಲೆ ತಿಂದ. ಕೆ ವಿಟಮಿನ್ ಕೊಟ್ಟು ಅವನನ್ನು ಉಳಿಸಿದರು. ಇದಕ್ಕೆ ಮದ್ದಿದೆ ಎಂಬ ಧೈರ್ಯ ಬಂತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಆಮೇಲೆ ನನಗೂ!

ಈ ಕಥೆ ಓದಿದಾಗಲೆಲ್ಲ ನನಗೆ ಇನ್ನೊಂದು ಶನಿವಾರ ನೆನಪಾಗುತ್ತದೆ. ತೊಂಬತ್ತರ ದಶಕ, ಅಕ್ಕಲಕೋಟೆ ಕಡೆಯ ಹಳ್ಳಿ ಶಾಖೆ. ಅರ್ಧ ದಿನದ ಕೆಲಸ ಮುಗಿಸಿ ಕ್ಯಾಶ್ ಮುಚ್ಚಿದ್ದೆವು. ಸಾಲದಲ್ಲಿ ಕೊಂಡ ಎಮ್ಮೆ ಸತ್ತಿದೆ ಅಂತ ಒಬ್ಬ ಮುದುಕ ಬಂದ. ವಿಮೆಗೆಂದು ಅದರ ಕಿವಿಯ ಬಿಲ್ಲೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದ. "ಸಾಹೇಬ್ರ, ಉಳದಾವೂ ಮೇವ ಬಿಟ್ಟಾವ, ಒಮ್ಮಿ ನೋಡ ಬರ್ರಿ" ಅಂದ. ಬಿಲ್ಲೆಯ ನಂಬರ್ ತಾಳೆ ನೋಡಿ, ಮರಣೋತ್ತರ ವರದಿ ತಗೊಂಡು ಸೋಮವಾರ ಬಾ ಅಂತ ಕಳಿಸಿದೆ. ನನಗೆ ಸೋಲಾಪುರದ ಬಸ್ ಹಿಡಿಯಬೇಕಿತ್ತು. ಸೋಮವಾರ ಅವನು ಬಂದ. ಅಷ್ಟರಲ್ಲಿ ಇನ್ನೊಂದು ಎಮ್ಮೆ ಹೋಗಿತ್ತು. ಅದಕ್ಕೆ ಸಾಲವೂ ಇರಲಿಲ್ಲ, ವಿಮೆಯೂ ಇರಲಿಲ್ಲ. ಏನು ತಿಂದು ಸತ್ತವು ಅಂತ ನಾನು ಕೇಳಲೇ ಇಲ್ಲ. ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ. ಪಶುವೈದ್ಯರಿಗೆ ಒಂದು ಫೋನ್ ಆದರೂ ಮಾಡಬಹುದಿತ್ತು, ಮಾಡಲಿಲ್ಲ.

ರಾತ್ರಿ ತಮ್ಮನ ಮಗಳಿಗೆ ಫೋನ್ ಮಾಡಿದೆ. "ಅಪ್ಪ ಹೇಳಿಸಿದ್ರಾ ದೊಡ್ಡಪ್ಪಾ?" ಅಂತ ಮೊದಲೇ ಕೇಳಿದಳು. ಹೌದಮ್ಮ ಅಂದೆ. ಮಳೆಗೆ ನೆಂದ ಮೇವು, ಹಿಂಡಿಗಳ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅಂತ ವಿಷ ಇರುತ್ತೆ, ದನ ತಿಂದರೆ ಅದು ಹಾಲಿಗೂ ಇಳಿಯುತ್ತೆ ಅಂತ ಅರ್ಧ ಗಂಟೆ ಪಾಠ ಮಾಡಿದಳು. "ಎರಡು ವರ್ಷದಲ್ಲಿ ಏನೂ ಸಿಗದೇ ಹೋದರೆ?" ಅಂದೆ. "ಏನು ಸಿಗಲಿಲ್ಲ ಅಂತ ಬರೆದಿಡ್ತೀನಿ. ಮುಂದಿನವರು ಅಲ್ಲಿಂದ ಶುರು ಮಾಡ್ತಾರೆ" ಅಂದಳು. ಬ್ಯಾಂಕ್ ಪರೀಕ್ಷೆಯ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಆಮೇಲೆ ತಮ್ಮನಿಗೆ ಹೇಳಿದೆ, ಓದಲಿ ಬಿಡು, ಎರಡು ವರ್ಷದ ಖರ್ಚಲ್ಲಿ ಅರ್ಧ ನನ್ನದು ಅಂತ. ಅವನಿಗೆ ಸಿಟ್ಟು ಬಂತು. "ನಿನಗೆ ಹೇಳಿದ್ದೇ ತಪ್ಪಾಯ್ತು" ಅಂತ ಫೋನ್ ಇಟ್ಟ. ಇನ್ನೂ ಮಾತಾಡಿಲ್ಲ. ಅವನ ಚಿಂತೆ ನನಗೆ ಅರ್ಥವಾಗುತ್ತದೆ. ಕ್ಯಾಂಪ್‌ಬೆಲ್‌ನ ಹರಳುಗಳು ಕಾರ್ಲ್‌ಸನ್‌ನ ದನಗಳನ್ನೇನೂ ಬದುಕಿಸಿ ಕೊಡಲಿಲ್ಲ. ಆದರೆ ಅವು ಎಲ್ಲೋ ಪುಣೆಯಲ್ಲಿ ಕೂತ ಒಬ್ಬ ಬ್ಯಾಂಕ್ ನೌಕರನ ಖಾತೆಗೆ ಜಮೆಯಾದವು. ಈ ಸಾಲಕ್ಕೆ ಕಂತು ಕಟ್ಟಲು ನನಗೆ ಸಿಕ್ಕಿರುವುದು ಇದೊಂದೇ ದಾರಿ.

ಇವತ್ತಿನ ಐ.ಎನ್.ಆರ್. 2.8. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.